ಯಾರ ಮುಂದೂ ಬಾಯಿ ಬಿಡಬ್ಯಾಡ

ಕೇಳುಗರಿಗೆ ನಮಸ್ಕಾರ. ಸಿರುಗುಪ್ಪ ಕಡೆ ನಮ್ಮ ದೊಡ್ಡಪ್ಪನ ಎರೆಹೊಲ ಇದೆ. ಒಮ್ಮೆ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಹೊಲ್ದಾಗ ಎರ್ಲಡ್ಡು ಕಂಡ್ರೆ ಯಾರ ಮುಂದೂ ಬಾಯಿ ಬಿಡಬ್ಯಾಡ, ನಾಳೆ ಹೊಲಾನೇ ಹೋಗ್ತೈತಿ" ಅಂದಿದ್ದರು.

ಎರ್ಲಡ್ಡು ಅಂದರೆ ಎರೆಭೂತ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುವ ದೊಡ್ಡ ಹಕ್ಕಿ. ಮೂರಡಿ ಎತ್ತರ, ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ. ಇಡೀ ದೇಶದಲ್ಲಿ ಇನ್ನೂರೂ ಇಲ್ಲ, ನಮ್ಮ ರಾಜ್ಯದಲ್ಲಂತೂ ಬೆರಳೆಣಿಕೆಯಷ್ಟು. ವರ್ಷಕ್ಕೆ ಹೆಚ್ಚಾಗಿ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇದಕ್ಕೆ ಹುಲಿಗಿರುವಷ್ಟೇ ರಕ್ಷಣೆ. ಆದರೆ ಹುಲಿಗೆ ಕಾಡಿದೆ. ಇದಕ್ಕೆ ಬೇಕಾಗಿರುವುದು ಬಯಲು, ಮಳೆಯನ್ನೇ ನಂಬಿದ ಜೋಳದ ಹೊಲ, ಕಡಲೆ ಹೊಲ, ಅಲ್ಲಿನ ಮಿಡತೆ. ಮೊಟ್ಟೆ ಸರ್ಕಾರದ್ದು, ಅದು ಬಿದ್ದಿರುವ ಪಹಣಿ ಮಾತ್ರ ಯಾರೋ ರೈತನದು!

ಕಾಲುವೆ ನೀರು ಬಂದ ಕಡೆ ಭತ್ತ ಬಂತು, ಭತ್ತದ ಗದ್ದೆಯಲ್ಲಿ ಈ ಹಕ್ಕಿ ನಿಲ್ಲುವುದಿಲ್ಲ. ಹಾಗಂತ ರೈತನಿಗೆ ನೀರು ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಕರೆಂಟ್ ತಂತಿಯ ಕಾಟ ಬೇರೆ. ಕಣ್ಣು ಪಕ್ಕಕ್ಕಿರುವುದರಿಂದ ನೇರ ಎದುರಿಗಿರುವುದು ಇದಕ್ಕೆ ಸರಿಯಾಗಿ ಕಾಣುವುದಿಲ್ಲ, ಅಷ್ಟು ಭಾರ ಹೊತ್ತು ತಟಕ್ಕನೆ ತಿರುಗಲೂ ಆಗುವುದಿಲ್ಲ.

ದೊಡ್ಡಪ್ಪನ ಭಯ ಬರೀ ನಮ್ಮೂರಿನದಲ್ಲ. ಅಮೆರಿಕದಲ್ಲಿ ಒಂದು ಮರಕುಟಿಗ ಹಳೆಯ ಪೈನ್ ಮರದಲ್ಲೇ ಗೂಡು ಕೊರೆಯುತ್ತದೆ. ಅದು ಬಂದರೆ ಕಾನೂನಿನ ತಕರಾರು ಬರುತ್ತದೆ ಅಂತ ಕೆಲವು ಜಮೀನ್ದಾರರು ಮರ ಹಳೆಯದಾಗುವ ಮೊದಲೇ ಕಡಿದು ಹಾಕುತ್ತಿದ್ದರು. ಹಕ್ಕಿ ಉಳಿಸಲು ಮಾಡಿದ ಕಾನೂನೇ ಹಕ್ಕಿಯ ಮನೆ ಕೆಡವಿಸಿತು, ನೋಡಿ. ಆಮೇಲೆ 1995ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಹೊಸ ಒಪ್ಪಂದ ಶುರುವಾಯಿತು. ನೀವು ಮರ ಉಳಿಸಿ, ಅದರಿಂದ ಹಕ್ಕಿ ಜಾಸ್ತಿಯಾದರೆ ನಿಮ್ಮ ಮೇಲೆ ಹೊಸ ನಿರ್ಬಂಧ ಹೇರುವುದಿಲ್ಲ, ಇಷ್ಟೇ ಅದರ ತಿರುಳು.

ನಮ್ಮಲ್ಲೂ ದಾರಿ ಇಲ್ಲದಿಲ್ಲ. ಅದೇ ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಿಂದ ಖಾಸಗಿ ಜಮೀನನ್ನೂ, ಮಾಲೀಕರು ತಾವಾಗಿ ಮುಂದೆ ಬಂದರೆ, ವನ್ಯಜೀವಿಗಳಿಗಾಗಿ ಸಮುದಾಯ ಮೀಸಲು ಅಂತ ಘೋಷಿಸಬಹುದು. ಜಮೀನು ಅವರದ್ದೇ. ಆದರೆ ಒಮ್ಮೆ ಘೋಷಣೆಯಾದರೆ, ಭೂಬಳಕೆ ಬದಲಿಸಲು ಆ ಮೀಸಲನ್ನು ನೋಡಿಕೊಳ್ಳುವ ಸಮಿತಿಯ ನಿರ್ಣಯ ಬೇಕು, ಅದಕ್ಕೆ ಸರ್ಕಾರದ ಒಪ್ಪಿಗೆಯೂ ಬೇಕು. ಮಗಳ ಮದುವೆ, ಸಾಲ, ಬೋರ್‌ವೆಲ್ ಅಂತ ಲೆಕ್ಕ ಹಾಕುವ ಐದೆಕರೆಯವನು ಇದಕ್ಕೆ ಸುಮ್ನೆ ಸಹಿ ಹಾಕುತ್ತಾನಾ?

ನನಗನ್ನಿಸುವುದು, ಕಾಯಂ ಘೋಷಣೆಗಿಂತ ಹಂಗಾಮಿನ ಕರಾರು ಮೇಲು. ಗೂಡು ಕಂಡ ಹೊಲದಲ್ಲಿ ಮರಿ ಎದ್ದು ಓಡಾಡುವವರೆಗೆ ಉಳುಮೆ ಬೇಡ, ಔಷಧಿ ಬೇಡ, ನಾಯಿ ಬಿಡುವುದು ಬೇಡ. ಅದಕ್ಕೆ ಬೆಳೆಯ ಬೆಲೆ ಕೈಗೆ ಬರಬೇಕು, ಆ ಹಂಗಾಮಿನಲ್ಲೇ.

ಇದನ್ನು ದೊಡ್ಡಪ್ಪನಿಗೂ ಹೇಳಿದೆ. ಅವರು ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದರು. "ಎಕರೆಗೆ ಎಷ್ಟು ಕೊಡ್ತಾರಂತ?" ಅಂದರು.