ಬಟ್ಟೆಯ ಸ್ವಭಾವ ಅರಿತ ಉದ್ಯಮಿ

ಕೇಳುಗರಿಗೆ ನಮಸ್ಕಾರ.

ಫ್ಯಾಷನ್‌ಗೆ ಸಾಫ್ಟ್‌ವೇರ್ ಅಂದ ಕೂಡಲೇ ನಮಗೆ ನೆನಪಾಗುವುದು ಮೊಬೈಲಿನಲ್ಲಿ ಸೀರೆ, ಶರ್ಟು ಆರಿಸುವ ಆಪ್‌ಗಳು, ಅಲ್ವಾ? ಅವುಗಳಿಗಿಂತ ಎಷ್ಟೋ ಮೊದಲು ಕಟಿಂಗ್ ಟೇಬಲ್‌ಗೆ ಕಂಪ್ಯೂಟರ್ ತಂದ ಉದ್ಯಮಿಯೊಬ್ಬರಿದ್ದರು. ಅವರ ಹೆಸರು ಹೈಂಜ್ ಜೋಸೆಫ್ ಗರ್ಬರ್.

ಹುಟ್ಟಿದ್ದು 1924ರಲ್ಲಿ, ವಿಯೆನ್ನಾದ ಯಹೂದಿ ಕುಟುಂಬದಲ್ಲಿ. ನಾಜಿಗಳಿಂದ ತಪ್ಪಿಸಿಕೊಂಡು 1940ರಲ್ಲಿ ತಾಯಿಯ ಜೊತೆ ಅಮೆರಿಕಕ್ಕೆ ಬಂದರು. ತಂದೆ ಬದುಕಿ ಉಳಿಯಲಿಲ್ಲ. ಕನೆಕ್ಟಿಕಟ್‌ನ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿಯುತ್ತಲೇ ಓದಿದರು. ಇಂಜಿನಿಯರಿಂಗ್ ಓದುವಾಗ ಗ್ರಾಫ್ ಲೆಕ್ಕಗಳು ತಲೆ ತಿನ್ನುತ್ತಿದ್ದವು. ಪೈಜಾಮದ ಸೊಂಟದ ಎಲಾಸ್ಟಿಕ್ ತೆಗೆದು ಅದರ ಮೇಲೆ ಗುರುತು ಹಾಕಿಕೊಂಡರು. ಎಳೆದಷ್ಟೂ ಗುರುತುಗಳ ನಡುವಿನ ಅಂತರ ಒಂದೇ ಸಮನಾಗಿ ಹಿಗ್ಗುತ್ತಿತ್ತು, ಹಾಗಾಗಿ ಗ್ರಾಫಿನ ಅಳತೆಗೆ ತಕ್ಕಂತೆ ಎಳೆದು ಲೆಕ್ಕ ಓದಿಕೊಳ್ಳಬಹುದಿತ್ತು. ಇದರಿಂದ ಹುಟ್ಟಿದ ಅಳತೆಪಟ್ಟಿಯೇ 1948ರಲ್ಲಿ ಅವರ ಕಂಪನಿಗೆ ಬುನಾದಿಯಾಯಿತು.

ಹೊಲಿಗೆ ಯಂತ್ರ ಬಂದು ನೂರು ವರ್ಷ ದಾಟಿದ್ದರೂ ಬಟ್ಟೆ ಕತ್ತರಿಸುವುದು ಮಾತ್ರ ಇನ್ನೂ ಕೈಕೆಲಸವೇ ಆಗಿತ್ತು. ಹತ್ತಾರು ಪದರ ಹಾಸಿ, ಮೇಲೆ ಉಡುಪಿನ ಪೀಸ್‌ಗಳ ಗೆರೆ ಎಳೆದ ಮಾರ್ಕರ್ ಕಾಗದ ಇಟ್ಟು, ಕಟಿಂಗ್ ಮಾಸ್ಟರ್ ಕರೆಂಟಿನ ಬ್ಲೇಡನ್ನು ಗೆರೆಯ ಮೇಲೆ ನಡೆಸಬೇಕು. ಕೈ ಸ್ವಲ್ಪ ಅಲುಗಿದರೂ ಅಷ್ಟೂ ಪದರ ಹಾಳು.

ಕಬ್ಬಿಣ ಕೊರೆಯುವ ಯಂತ್ರಗಳು ಆಗಲೇ ಕಂಪ್ಯೂಟರ್ ಹೇಳಿದಂತೆ ಕೇಳುತ್ತಿದ್ದವು. ಬಟ್ಟೆ ಹಾಗೆ ಕೇಳುವುದಿಲ್ಲ. ಜಾರುತ್ತದೆ, ಸುಕ್ಕಾಗುತ್ತದೆ, ಎಳೆದರೆ ಹಿಗ್ಗುತ್ತದೆ. ಗರ್ಬರ್ ಇದಕ್ಕೆ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ಟೇಬಲ್ ಮೇಲೆ ಬ್ರಶ್ಶಿನಂತೆ ಒತ್ತಾಗಿ ನಿಂತ ಗಟ್ಟಿ ಎಳೆಗಳ ಹಾಸು. ಅದರ ಮೇಲೆ ಬಟ್ಟೆಯ ರಾಶಿ, ರಾಶಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ಕೆಳಗಿನಿಂದ ಗಾಳಿ ಎಳೆದರೆ ಸಾಕು, ಉಬ್ಬಿಕೊಂಡಿದ್ದ ರಾಶಿ ಒತ್ತಿಕೊಂಡು ಗಟ್ಟಿಯಾಗಿ ಕೂರುತ್ತದೆ. ಬ್ಲೇಡಿನ ತುದಿ ಕೆಳಗಿನ ಎಳೆಗಳ ನಡುವೆ ಇಳಿಯುತ್ತದೆ, ಟೇಬಲ್‌ಗೆ ಏಟು ಬೀಳುವುದಿಲ್ಲ. 1969ರಲ್ಲಿ ಬಂದ ಈ ಯಂತ್ರವೇ ಗರ್ಬರ್‌ಕಟರ್ ಎಸ್-70.

ಸಾಫ್ಟ್‌ವೇರ್‌ಗೆ ನಿಜವಾದ ಸವಾಲು ಇಲ್ಲೇ ಇತ್ತು. ದಪ್ಪ ರಾಶಿಯ ಒಳಗೆ ಬ್ಲೇಡ್ ಬಾಗುತ್ತದೆ, ಮೇಲಿನ ಪದರ ಒಂದಳತೆ, ಕೆಳಗಿನದು ಇನ್ನೊಂದಳತೆ ಆಗಿಬಿಡುತ್ತದೆ. ಆ ಬಾಗು ಗೊತ್ತುಮಾಡಿಕೊಂಡು ಬ್ಲೇಡನ್ನು ಕೊಂಚ ತಿರುಗಿಸಿ ನಡೆಸಬೇಕು. ಮಾರ್ಕರ್ ಕೆಲಸವೂ ಆಮೇಲೆ ಕಂಪ್ಯೂಟರ್ ಪರದೆಗೆ ಬಂತು. ತೋಳು, ಕಾಲರ್, ಬೆನ್ನಿನ ಪೀಸ್‌ಗಳನ್ನು ಬಟ್ಟೆ ಹಾಳಾಗದಂತೆ ಹೊಂದಿಸಬೇಕು, ನೂಲಿನ ದಿಕ್ಕೂ ತಪ್ಪಬಾರದು. ಉಡುಪಿನ ಖರ್ಚಿನಲ್ಲಿ ಬಟ್ಟೆಯ ಪಾಲೇ ಜಾಸ್ತಿ. ಹಾಗಾಗಿ ಒಂದಿಷ್ಟು ಉಳಿದರೂ ಲಾಭವೇ.

1994ರಲ್ಲಿ ಗರ್ಬರ್‌ಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಿಕ್ಕಿತು. 1996ರಲ್ಲಿ ತೀರಿಕೊಂಡರು. ಅವರ ಹೆಸರಿನ ಉಡುಪು ತಂತ್ರಜ್ಞಾನ ಕಂಪನಿಯನ್ನು 2021ರಲ್ಲಿ ಫ್ರಾನ್ಸಿನ ಲೆಕ್ಟ್ರಾ ಕೊಂಡುಕೊಂಡಿತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳಿಗೂ ಕೊರತೆಯಿಲ್ಲ, ಗಾರ್ಮೆಂಟ್ಸ್‌ಗೂ ಕೊರತೆಯಿಲ್ಲ. ಪೀಣ್ಯ, ಮೈಸೂರು ರಸ್ತೆಯ ಕಡೆ ಕಟಿಂಗ್ ಸೆಕ್ಷನ್‌ನಲ್ಲಿ ದುಡಿದವರಿಗೆ ಬಟ್ಟೆಯ ಗುಣ ಚೆನ್ನಾಗಿ ಗೊತ್ತು. ಟೀ ಶರ್ಟಿನ ಬಟ್ಟೆಯನ್ನು ರೋಲ್‌ನಿಂದ ಬಿಚ್ಚಿದ ಕೂಡಲೇ ಕತ್ತರಿಸಬಾರದು, ಬಿಗಿ ಬಿಡುವವರೆಗೆ ಸುಮ್ನೆ ಹರಡಿಡಬೇಕು ಅಂತ ಅವರೇ ಹೇಳಿಕೊಡುತ್ತಾರೆ. ಈ ಕ್ಷೇತ್ರಕ್ಕೆ ಸಾಫ್ಟ್‌ವೇರ್ ಬರೆಯಬೇಕೆಂದಿರುವ ಗೆಳೆಯರೇ, ಮೊದಲು ಅವರನ್ನು ಕೇಳಿ. ಅವರು ಕೊಟ್ಟ ಸಲಹೆಗೆ ಸಂಬಳ ಕೊಡಿ, ನೀವು ಮಾಡಿದ್ದರಲ್ಲಿ ಅವರ ಹೆಸರನ್ನೂ ಸೇರಿಸಿ.

ನಮಸ್ಕಾರ.