ಪೋರ್ಟ್ ಎಲೆನ್‌ನ ಅಡುಗೆಮನೆಯಲ್ಲಿ ಮೂರು ಬಾಟಲಿ

ಈ ಮೇಜು ನೋಡಿ. ಅಡುಗೆಮನೆಯ ಮೇಜು. ಒಂದು ಮೂಲೆಯಲ್ಲಿ ಚಾಕು ಗೀರಿದ ಗುರುತು, ಇನ್ನೊಂದು ಕಡೆ ಬ್ರೆಡ್ಡಿನ ತಟ್ಟೆ, ಮಧ್ಯದಲ್ಲಿ ಮೂರು ಬಾಟಲಿ ವಿಸ್ಕಿ. ಸುತ್ತ ನಾವು ಆರು ಜನ. ನನ್ನ ಜೊತೆ ಗ್ಲಾಸ್ಗೋದಲ್ಲಿ ಕೆಲಸ ಮಾಡುವ ಗೆಳತಿಯ ಚಿಕ್ಕಪ್ಪನ ಮನೆ ಇದು. ಊರು ಪೋರ್ಟ್ ಎಲೆನ್, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಇರುವ ಐಲಾ ದ್ವೀಪದಲ್ಲಿ. ಕೆನಕ್ರೇಗ್‌ನಲ್ಲಿ ಹಡಗು ಹತ್ತಿದರೆ ಎರಡು ಗಂಟೆ ಚಿಲ್ಲರೆ. ಗಾಳಿ ಜೋರಿದ್ದರೆ ಹಡಗೇ ಇಲ್ಲ. ಅವತ್ತು ನಮ್ಮ ಪುಣ್ಯ, ಹೊರಟಿತು.

ಇಳಿದ ಕೂಡಲೇ ಮೂಗಿಗೆ ಬಂದದ್ದು ಹೊಗೆ. ಊರಂಚಿನಲ್ಲಿ 1973ರಲ್ಲಿ ಶುರುವಾದ ದೊಡ್ಡ ಮಾಲ್ಟಿಂಗ್ ಘಟಕ ಇದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಪೀಟ್ ಹೊಗೆಯಲ್ಲಿ ಒಣಗಿಸಿ, ಅಲ್ಲಿಂದ ದ್ವೀಪದ ಡಿಸ್ಟಿಲರಿಗಳಿಗೆ, ಅಂದರೆ ವಿಸ್ಕಿ ಬಟ್ಟಿ ಇಳಿಸುವ ಜಾಗಗಳಿಗೆ, ಕಳಿಸುತ್ತಾರೆ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಒತ್ತಿಕೊಂಡ ಪಾಚಿ, ಹುಲ್ಲು, ಬೇರು. ಇಟ್ಟಿಗೆ ಥರ ಕಡಿದು, ಒಣಗಿಸಿ, ಉರಿಸುತ್ತಾರೆ. ನನಗೆ ಸಾಗರದ ಅಜ್ಜಿಮನೆ ನೆನಪಾಯಿತು. ಮಳೆಗಾಲದ ಬೆಳಗ್ಗೆ ಬಚ್ಚಲ ಹಂಡೆ ಒಲೆಗೆ ಅರೆ ಒದ್ದೆ ಸೌದೆ ತುರುಕಿ ಊದುಕೊಳವೆಯಲ್ಲಿ ಊದುತ್ತಿದ್ದರೆ, ಆ ಹೊಗೆ ಟವೆಲ್ಲಿಗೆ, ಕೂದಲಿಗೆ, ಶಾಲೆಯ ಯೂನಿಫಾರ್ಮಿಗೆ ಅಂಟಿಕೊಂಡು ಸಂಜೆವರೆಗೂ ಜೊತೆಗೇ ಇರುತ್ತಿತ್ತು. ಐಲಾದ ಹೊಗೆ ಪೂರ್ತಿ ಅದಲ್ಲ. ಇದರಲ್ಲಿ ಸ್ವಲ್ಪ ಔಷಧಿ ಇದೆ, ಸ್ವಲ್ಪ ಕಡಲಿದೆ. ಆದರೂ ಅವೆರಡೂ ನೆಂಟರೇ.

ಮನೆ ಯಜಮಾನರಿಗೆ ಎಪ್ಪತ್ತು ದಾಟಿದೆ. ಒಬ್ಬೊಬ್ಬರಿಗೆ ಒಂದೊಂದು ಬಾಟಲಿಯಿಂದ ಹದಿನೈದು ಎಂಎಲ್, ಅಷ್ಟೇ. ಅರ್ಧ ಪೆಗ್ ಅಂದುಕೊಳ್ಳಿ. ಪಕ್ಕದಲ್ಲಿ ನೀರಿನ ಲೋಟ, ಒಂದು ಚಿಕ್ಕ ಡ್ರಾಪರ್. ಗ್ಲಾಸ್ ಬುಡದಲ್ಲಿ ಅಗಲ, ಬಾಯಿಯಲ್ಲಿ ಕಿರಿದು, ವಾಸನೆ ಮೇಲೆ ಬಂದು ಅಲ್ಲೇ ನಿಲ್ಲಲಿ ಅಂತ. ಯಾರೂ ಚಿಯರ್ಸ್ ಹೇಳಿ ಗಟಗಟ ಕುಡಿಯಲಿಲ್ಲ. ಮೊದಲ ಹತ್ತು ನಿಮಿಷ ಬರೀ ಮೂಸಿದೆವು.

ಮೊದಲನೆಯದು ರೋಸ್‌ಬ್ಯಾಂಕ್, 21 ವರ್ಷದ್ದು. ಐಲಾದ್ದಲ್ಲ. ಸ್ಕಾಟ್ಲೆಂಡಿನ ಲೋಲ್ಯಾಂಡ್ ಭಾಗದ ಫಾಲ್ಕರ್ಕ್ ಊರಿನಲ್ಲಿ, ಕಾಲುವೆ ದಂಡೆಯ ಡಿಸ್ಟಿಲರಿ. 1993ರಲ್ಲಿ ಮುಚ್ಚಿದರು. ಸಾಮಾನ್ಯವಾಗಿ ಎರಡು ಸಲ ಬಟ್ಟಿ ಇಳಿಸುತ್ತಾರೆ, ಇಲ್ಲಿ ಮೂರು ಸಲ. ಅದಕ್ಕೇ ಹಗುರ. ಬಣ್ಣ ಒಣಹುಲ್ಲಿನಷ್ಟು ತೆಳು. ಮೂಗಿಗೆ ನಿಂಬೆ ಸಿಪ್ಪೆ, ಬಿಸಿಲಲ್ಲಿ ಒಣಗಿದ ಹುಲ್ಲು. ಎರಡು ಹನಿ ನೀರು ಬಿಟ್ಟ ಮೇಲೆ ಸಣ್ಣಗೆ ಜೇನು. ಇಪ್ಪತ್ತೊಂದು ವರ್ಷ ಮರದೊಳಗೆ ಇದ್ದೂ ಇಷ್ಟು ಎಳೆಯದಾಗಿ ಉಳಿಯುತ್ತಾ ಅಂತ ಆಶ್ಚರ್ಯವಾಯಿತು. ಮುಚ್ಚಿದ್ದ ಈ ಜಾಗದಲ್ಲಿ 2023ರಲ್ಲಿ ಮತ್ತೆ ಬಟ್ಟಿ ಇಳಿಸಲು ಶುರುಮಾಡಿದರು. ಆದರೆ ಹೊಸದಾಗಿ ಇಳಿದದ್ದಕ್ಕೆ 21 ವರ್ಷ ತುಂಬಲು ನಾವು ಇನ್ನೂ ಎಷ್ಟು ಕಾಯಬೇಕು ನೋಡಿ.

ಎರಡನೆಯದು ಗ್ಲೆನ್‌ಫಾರ್ಕ್ಲಾಸ್, 40 ವರ್ಷ. ಸ್ಕಾಟ್ಲೆಂಡಿನ ಈಶಾನ್ಯದ ಸ್ಪೇಸೈಡ್ ಭಾಗದ್ದು. 1865ರಿಂದ ಒಂದೇ ಕುಟುಂಬದ ಕೈಯಲ್ಲಿದೆ. ಲೇಬಲ್ ಮೇಲಿನ ಈ ಸಂಖ್ಯೆ ಬಗ್ಗೆ ಒಂದು ಮಾತು. 40 ಅಂತ ಬರೆದರೆ ಒಳಗಿರುವ ಅತಿ ಎಳೆಯ ವಿಸ್ಕಿಗೂ 40 ತುಂಬಿರಬೇಕು, ಸರಾಸರಿ ಲೆಕ್ಕ ನಡೆಯಲ್ಲ. ಮತ್ತೆ ಆ ವಯಸ್ಸು ಪೀಪಾಯಿಯಲ್ಲಿ ಕಳೆದದ್ದು ಮಾತ್ರ. ಗಾಜಿನ ಬಾಟಲಿಗೆ ಬಂದ ದಿನ ವಯಸ್ಸು ನಿಂತಿತು. ನೀವು ಷೋಕೇಸಿನಲ್ಲಿ ಇನ್ನೂ ಇಪ್ಪತ್ತು ವರ್ಷ ಇಟ್ಟರೂ ಅದು ನಲವತ್ತೇ.

ಇದನ್ನು ಮಾಗಿಸುವುದು ಶೆರಿ ವೈನ್ ಇದ್ದ ಓಕ್ ಪೀಪಾಯಿಗಳಲ್ಲಿ. ಗ್ಲಾಸ್ ಎತ್ತಿ ಬಲ್ಬಿಗೆ ಹಿಡಿದರೆ ಡಿಕಾಕ್ಷನ್‌ಗೆ ಹತ್ತಿರದ ಕೆಂಪು. ಒಣದ್ರಾಕ್ಷಿ, ಜೋನಿಬೆಲ್ಲ, ಕಿತ್ತಳೆ ಸಿಪ್ಪೆ, ಅಜ್ಜನ ಹಳೇ ಬೀಟೆ ಪೆಟ್ಟಿಗೆಯ ಮುಚ್ಚಳ ಎತ್ತಿದಾಗಿನ ವಾಸನೆ. ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ಒಂದು ಒಗರು, ಎಳೆ ಅಡಿಕೆ ಜಗಿದ ಹಾಗೆ. ಅದು ಮರದ ಒಗರು. ಹಳೇ ವಿಸ್ಕಿ ಅಂದರೆ ಕಣ್ಣುಮುಚ್ಚಿ ಒಳ್ಳೇದು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಪೀಪಾಯಿ ಕೊಡುತ್ತಾ ಇರುತ್ತದೆ, ಕೊಡುತ್ತಾ ಕೊಡುತ್ತಾ ಒಂದು ದಿನ ಬಾರ್ಲಿಯ ರುಚಿಯನ್ನೇ ನುಂಗಿ ಬಿಡುತ್ತದೆ. ಆ ದಿನಕ್ಕೆ ಮುಂಚೆ ಹೊರಗೆ ತೆಗೆಯಬೇಕು. ಈ ಗ್ಲಾಸಿನಲ್ಲಿರುವುದು ಆ ಅಂಚಿನವರೆಗೆ ಹೋಗಿ, ಜಾರದೆ ನಿಂತಿದೆ. ಯಾರೋ ವರ್ಷವರ್ಷ ಪೀಪಾಯಿಗೆ ಮೂಗಿಟ್ಟು ನೋಡಿಕೊಂಡಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಕೊಡುವುದಷ್ಟೇ ಅಲ್ಲ, ಪೀಪಾಯಿ ಕಳೆಯುತ್ತದೆ ಕೂಡ. ಮರದ ಮೂಲಕ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋಗುತ್ತದೆ. ದೇವತೆಗಳ ಪಾಲು ಅಂತಾರೆ ಇಲ್ಲಿ. ಕಡಿಮೆ ಅನ್ನಿಸುತ್ತೆ ಅಲ್ವಾ? 500 ಲೀಟರ್ ಪೀಪಾಯಿ 40 ವರ್ಷ ಇಟ್ಟರೆ ಆ ಲೆಕ್ಕದಲ್ಲಿ ಉಳಿಯುವುದು 220 ಲೀಟರ್ ಆಸುಪಾಸು. ಮೇಲಿಂದ ಇಲ್ಲಿನ ತಂಪು, ತೇವದ ಹವೆಗೆ ಆಲ್ಕೋಹಾಲ್ ಅಂಶವೂ ಇಳಿಯುತ್ತಾ ಹೋಗುತ್ತದೆ. ಶೇ 40ಕ್ಕಿಂತ ಕೆಳಗೆ ಇಳಿದರೆ ಅದನ್ನು ಸ್ಕಾಚ್ ಅಂತ ಮಾರುವ ಹಾಗಿಲ್ಲ. ಅಷ್ಟು ವರ್ಷ ಕಾದು ಕೊನೆಗೆ ಆ ಗೆರೆ ದಾಟಿದರೆ ಏನು ಸಂಕಟ ಇರಬೇಕು.

ನಾನು ಬೆಂಗಳೂರಿನಿಂದ ಬಂದವನು ಅಂತ ತಿಳಿದ ಕೂಡಲೇ ಯಜಮಾನರು ಕೇಳಿದ ಮೊದಲ ಮಾತು ಅಮೃತ್ ಬಗ್ಗೆ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯ ಬಾರ್ಲಿ ಮಾಲ್ಟ್ ವಿಸ್ಕಿ, 2004ರಲ್ಲಿ ಮೊದಲು ಬಿಡುಗಡೆಯಾಗಿದ್ದೇ ಗ್ಲಾಸ್ಗೋದಲ್ಲಿ. ಇವರಿಗೆ ಅದು ಚೆನ್ನಾಗಿ ನೆನಪಿದೆ. ನಮ್ಮಲ್ಲಿ ವರ್ಷಕ್ಕೆ ಶೇ 10ಕ್ಕೂ ಜಾಸ್ತಿ ಆವಿಯಾಗುತ್ತದೆ ಅಂದಾಗ ಮೇಜಿನ ಆ ಕಡೆ ಕೂತಿದ್ದವರು ಗ್ಲಾಸ್ ಕೆಳಗಿಟ್ಟರು. ಅಲ್ಲಿ 40 ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ಬರೀ ಗಾಳಿ. ಅದಕ್ಕೇ ಅಮೃತ್‌ನವರು 8 ವರ್ಷ ಮಾಗಿದ್ದಕ್ಕೆ ಗ್ರೀಡಿ ಏಂಜಲ್ಸ್, ದುರಾಸೆಯ ದೇವತೆಗಳು, ಅಂತ ಹೆಸರಿಟ್ಟರು. ಆ ಹೆಸರನ್ನು ವಿವರಿಸುವಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಈಗ ಮೂರನೆಯದು. ಇದಕ್ಕೇ ನಾವು ಬಂದದ್ದು.

ಪೋರ್ಟ್ ಎಲೆನ್. 1979ರಲ್ಲಿ ಬಟ್ಟಿ ಇಳಿಸಿದ್ದು, 22 ವರ್ಷ ಮಾಗಿ 2001ರಲ್ಲಿ ಬಾಟಲಿಗೆ ಬಂದದ್ದು, ಆಲ್ಕೋಹಾಲ್ ಶೇ 56.2. ಈ ಊರಿನದೇ ಡಿಸ್ಟಿಲರಿ, 1825ರದ್ದು. 1929ರಲ್ಲಿ ನಿಂತು, 1967ರಲ್ಲಿ ಮತ್ತೆ ಶುರುವಾಗಿ, 1983ರಲ್ಲಿ ಮುಚ್ಚಿತು. ಎಪ್ಪತ್ತರ ದಶಕದಲ್ಲಿ ಸ್ಕಾಟ್ಲೆಂಡಿನಾದ್ಯಂತ ವಿಸ್ಕಿ ಮಾಡಿದ್ದೇ ಮಾಡಿದ್ದು, ಎಂಬತ್ತರ ಹೊತ್ತಿಗೆ ಕೊಳ್ಳುವವರಿಲ್ಲದೆ ಗೋದಾಮುಗಳು ತುಂಬಿ ಹೋದವು. ಮಾಲೀಕರಿಗೆ ಈ ದ್ವೀಪದಲ್ಲೇ ಇನ್ನೂ ಎರಡು ಡಿಸ್ಟಿಲರಿ ಇದ್ದವು, ಲಗಾವುಲಿನ್ ಮತ್ತು ಕಲ್ ಈಲಾ. ಮೂರರಲ್ಲಿ ಇದನ್ನು ಕೈಬಿಟ್ಟರು. ಆಗ ಇದರ ವಿಸ್ಕಿ ಬಹುಪಾಲು ಬ್ಲೆಂಡ್‌ಗಳಿಗೆ, ಅಂದರೆ ಹಲವು ಕಡೆಯದನ್ನು ಬೆರೆಸಿ ಮಾಡುವ ವಿಸ್ಕಿಗಳಿಗೆ, ಹೋಗುತ್ತಿತ್ತು, ಹೆಸರು ಹಿಡಿದು ಕೇಳುವವರು ಇರಲಿಲ್ಲ. ಗೋದಾಮಿನಲ್ಲಿ ಉಳಿದ ಪೀಪಾಯಿಗಳು ಸುಮ್ನೆ ಮಲಗಿದ್ದವು, ಮಾಗಿದವು. ಜನಕ್ಕೆ ಇದರ ರುಚಿ ಗೊತ್ತಾಗುವ ಹೊತ್ತಿಗೆ ಮಾಡುವ ಜಾಗವೇ ಇರಲಿಲ್ಲ.

ಯಜಮಾನರ ಅಪ್ಪ ಅಲ್ಲಿನ ಗೋದಾಮಿನಲ್ಲಿ ಕೆಲಸದಲ್ಲಿದ್ದವರು. ಪೀಪಾಯಿ ಉರುಳಿಸಿ, ಸಾಲಾಗಿ ಜೋಡಿಸುವ ಕೆಲಸ. 1983ರಲ್ಲಿ ಮನೆಗೆ ಬಂದರು. 2001ರಲ್ಲಿ ಮಗ ಈ ಬಾಟಲಿ ಕೊಂಡಾಗ ಅಪ್ಪ ಇರಲಿಲ್ಲ. ಅಂದಿನಿಂದ ಇದು ಬೀರುವಿನೊಳಗೆ, ಸ್ವೆಟರ್‌ಗಳ ಹಿಂದೆ ಇತ್ತಂತೆ.

ಕಾರ್ಕ್ ತೆಗೆಯುವುದನ್ನು ಹತ್ತಿರದಿಂದ ನೋಡಿ. ಮೇಲಿನ ತವರದ ಹಾಳೆ ಕತ್ತರಿಸಿದರು. ಬಾಟಲಿಯನ್ನು ಒಮ್ಮೆ ಮೆಲ್ಲಗೆ ಬಾಗಿಸಿ ಕಾರ್ಕಿಗೆ ವಿಸ್ಕಿ ತಾಗಿಸಿದರು. ಬಾಟಲಿಯನ್ನು ಹಿಡಿದು ತಿರುಗಿಸಿದರು, ಕಾರ್ಕನ್ನಲ್ಲ. ಆದರೂ ಅರ್ಧಕ್ಕೆ ಮುರಿಯಿತು. ಅಷ್ಟು ವರ್ಷ ಒಣಗಿದ ಕಾರ್ಕ್, ಮುರಿಯದೆ ಏನಾದೀತು. ಯಾರೂ ಮಾತಾಡಲಿಲ್ಲ. ಅವರು ಉಳಿದರ್ಧವನ್ನು ಸ್ಕ್ರೂನಲ್ಲಿ ಚುಚ್ಚಿ ಎಳೆದು, ಪುಡಿ ಬಿದ್ದದ್ದನ್ನು ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದರು. ಕಾಗದದಿಂದ ಹನಿಹನಿಯಾಗಿ ಇಳಿಯುವಾಗಲೇ ಅಡುಗೆಮನೆ ತುಂಬಿತು.

ಹೊಗೆ ಇದೆ, ಆದರೆ ಹಡಗಿನಿಂದ ಇಳಿದಾಗ ಮೂಗಿಗೆ ಬಡಿದಂಥದ್ದಲ್ಲ. ಆರಿದ ಒಲೆಯ ಬೂದಿ. ದೋಣಿಗೆ ಬಳಿದ ಟಾರು, ಉಪ್ಪು ಹತ್ತಿದ ಹಗ್ಗ, ಆಮೇಲೆ ಎಲ್ಲಿಂದಲೋ ನಿಂಬೆ. ಮೂರು ಹನಿ ನೀರು ಬಿಟ್ಟೆ. ಎಣ್ಣೆಯ ಎಳೆ ಥರ ಸುರುಳಿ ಸುತ್ತಿ ಕರಗಿತು. ಆಗ ಸಿಹಿ ಬಂತು, ಬಾರ್ಲಿ ಹುರಿದ ಸಿಹಿ. ಒಂದು ಗುಟುಕನ್ನು ಎಷ್ಟು ಹೊತ್ತು ಬಾಯಲ್ಲಿಟ್ಟುಕೊಂಡೆನೋ ಗೊತ್ತಿಲ್ಲ. ಯಜಮಾನರು ಒಂದೇ ಮಾತು ಹೇಳಿದರು: "ಇದರಲ್ಲಿ ಅಪ್ಪ ಉರುಳಿಸಿದ ಪೀಪಾಯಿ ಒಂದಾದರೂ ಇದ್ದೇ ಇರುತ್ತೆ." ಗೆಳತಿ ಅವರ ಕೈ ಹಿಡಿದುಕೊಂಡಳು. ಆ ಭಾಗ ನಾನು ಶೂಟ್ ಮಾಡಿಲ್ಲ.

ಇಂಥ ಬಾಟಲಿಗೆ ಈಗ ಸಾವಿರ ಪೌಂಡ್ ದಾಟಿ ಕೊಡುವವರಿದ್ದಾರೆ. 2023ರ ನವೆಂಬರಿನಲ್ಲಿ ಲಂಡನ್ ಹರಾಜಿನಲ್ಲಿ 1926ರ ಮೆಕಾಲನ್ ಸ್ಕಾಚ್ ಬಾಟಲಿ ಒಂದು 21 ಲಕ್ಷ ಪೌಂಡ್‌ಗೂ ಜಾಸ್ತಿಗೆ ಹೋಯಿತು. ಅಂಥದ್ದನ್ನು ಯಾರು ಒಡೆದು ಕುಡಿಯುತ್ತಾರೆ? ನನಗೆ ಅದು ಬೇಜಾರು. ಯಾರೋ ಮೊಳಕೆ ಬರಿಸಿ, ಯಾರೋ ಉರಿ ಕಾದು, ಯಾರೋ ಉರುಳಿಸಿದ್ದನ್ನು ಲಾಕರಿನಲ್ಲಿ ಇಟ್ಟರೆ ಅದು ಬರೀ ಗಾಜು. ಯಾಕೆ ಇವತ್ತು ತೆಗೆದಿರಿ ಅಂತ ಕೇಳಿದೆ. 2024ರ ಮಾರ್ಚಿನಲ್ಲಿ ಡಿಸ್ಟಿಲರಿ ಮತ್ತೆ ಶುರುವಾಯಿತಲ್ಲ, ಹೊಸ ಹುಡುಗರು ಕೆಲಸಕ್ಕೆ ಹೋಗುವುದು ಕಿಟಕಿಯಿಂದ ಕಾಣುತ್ತೆ, ಇನ್ನು ಇದನ್ನು ಬಚ್ಚಿಡುವುದು ಬೇಡ ಅನ್ನಿಸಿತು ಅಂದರು.

ಬೆಳಗ್ಗೆ ಏಳಕ್ಕೆ ಹಡಗಿಗೆ ಹೊರಡುವ ಮುಂಚೆ ಅಡುಗೆಮನೆಗೆ ಹೋದೆ. ಖಾಲಿ ಗ್ಲಾಸುಗಳು ಹಾಗೇ ಇದ್ದವು. ನನ್ನದನ್ನು ಎತ್ತಿ ಮೂಸಿದೆ. ಒಂದು ಹನಿಯೂ ಇಲ್ಲ, ಆದರೂ ಬೂದಿ, ಬೆಲ್ಲ, ಕಡಲು. ತೊಳೆದಿಡಲಾ ಅಂತ ಕೇಳಿದ್ದಕ್ಕೆ ಯಜಮಾನರು ಕೆಟಲ್‌ಗೆ ನೀರು ತುಂಬಿಸುತ್ತಾ, ಬೇಡ, ಇವತ್ತೊಂದು ದಿನ ಇರಲಿ ಅಂದರು.