ಸಂತೆ ಎದ್ದ ಮೇಲೆ ಗಿರಾಕಿ ಎಲ್ಲಿ?

ನಮಸ್ಕಾರ, ಕೇಳುಗರೇ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಟೆಂಡರ್ ಮುಗಿಯುವುದೇ ತಡ, ಕಡ್ಡಿ ತಳಿ ಎಷ್ಟು, ಡಬ್ಬಿ ತಳಿ ಎಷ್ಟು ಎಂಬ ರೇಟು ವಾಟ್ಸಾಪ್ ಗ್ರೂಪುಗಳಿಗೆ ಬಂದು ಬೀಳುತ್ತದೆ. ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾರುವ ಮನೆಗಳಿಗೆ ಫೇಸ್‌ಬುಕ್ ಪುಟವೇ ಅಂಗಡಿ. ನಾಳೆ ಬೆಳಿಗ್ಗೆ ಈ ಆ್ಯಪ್‌ಗಳು ತೆರೆಯಲೇ ಇಲ್ಲ ಅನ್ನಿ, ಆಗೇನು?

ಆಗದ ಮಾತೇನಲ್ಲ. ಫೇಸ್‌ಬುಕ್‌ನಂಥದೇ ತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ, ನಮ್ಮ ಬೆಂಗಳೂರಿನದೇ ಆದ ‘ಕೂ’ 2024ರ ಜುಲೈನಲ್ಲಿ. ಆರ್ಕುಟ್ ಮೂರು ತಿಂಗಳು ಮೊದಲೇ ಹೇಳಿತ್ತು. ಟಿಕ್‌ಟಾಕ್‌ಗೆ ಆ ಪುರುಸೊತ್ತೂ ಸಿಗಲಿಲ್ಲ. 2020ರ ಜೂನ್ 29ರ ರಾತ್ರಿ ಸರ್ಕಾರದ ನಿಷೇಧ ಬಂತು, ಒಂದೆರಡು ದಿನದಲ್ಲಿ ಆ್ಯಪ್ ನಿಂತಿತು.

ಹಾಗಾದರೆ ಮಂದಿ ಎಲ್ಲಿಗೆ ಹೋದರು? ಆರ್ಕುಟ್‌ನವರಲ್ಲಿ ಬಹಳಷ್ಟು ಮಂದಿ ಅಷ್ಟರಲ್ಲೇ ಫೇಸ್‌ಬುಕ್‌ನಲ್ಲಿದ್ದರು. ಟಿಕ್‌ಟಾಕ್ ಹೋದ ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಇಲ್ಲಿಗೆ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. ಯಾವುದು ಚಂದ ಎಂದು ತೂಗಿ ನೋಡಿ ಯಾರೂ ಹೋಗುವುದಿಲ್ಲ. ಗುರುತಿನ ನಾಲ್ಕು ಜನ ಎಲ್ಲಿದ್ದಾರೋ ಅಲ್ಲಿಗೆ ಹೋಗುತ್ತಾರೆ. ಗ್ರೂಪು ಇಡಿಯಾಗಿ ಎದ್ದು ಹೋಗುವುದಂತೂ ಇಲ್ಲವೇ ಇಲ್ಲ. ಮಾತಾಡುವವರು ಮೊದಲು ಹೊರಡುತ್ತಾರೆ. ಸುಮ್ಮನೆ ಓದುತ್ತಿದ್ದವರು, ರೊಟ್ಟಿ ತರಿಸುತ್ತಿದ್ದವರು ನಡುದಾರಿಯಲ್ಲೇ ತಪ್ಪಿಹೋಗುತ್ತಾರೆ. ಅವರ ನಂಬರು ನಿಮ್ಮ ಹತ್ತಿರ ಇರುವುದಿಲ್ಲ, ಅದೇ ಫಜೀತಿ. ಆದ್ದರಿಂದ ಆ್ಯಪ್ ನಡೆಯುತ್ತಿರುವಾಗಲೇ ನಿಮ್ಮ ಮಾಹಿತಿಯ ಪ್ರತಿ ತೆಗೆದಿಡಬೇಕು.

ಮೊದಲು ಫೇಸ್‌ಬುಕ್. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಸೆಂಟರ್, ಅದರೊಳಗೆ ನಿಮ್ಮ ಮಾಹಿತಿ ಮತ್ತು ಅನುಮತಿಗಳು, ಅಲ್ಲಿ ಮಾಹಿತಿ ಡೌನ್‌ಲೋಡ್. ಅವಧಿ ಎಂಬಲ್ಲಿ ಕಳೆದ ಒಂದು ವರ್ಷ ಎಂದಿದ್ದರೆ ಆರಂಭದಿಂದ ಇಲ್ಲಿಯವರೆಗೆ ಎಂದು ಬದಲಿಸಿ. ಫೋಟೋ ಗುಣಮಟ್ಟ ಹೆಚ್ಚಿನದು ಇರಲಿ. ನಮೂನೆ ಕೇಳಿದಾಗ ಎಚ್‌ಟಿಎಂಎಲ್ ಆರಿಸಿ, ಜೇಸನ್ ಬೇಡ. ಯಾಕೆಂದರೆ, ಕಂಪ್ಯೂಟರಿನೊಳಗೆ ಕನ್ನಡದ ಒಂದೊಂದು ಗುರುತೂ ಮೂರು ಬೈಟು, ಅಂದರೆ ಮೂರು ತುಣುಕು. ಫೇಸ್‌ಬುಕ್‌ನ ಜೇಸನ್ ಕಡತ ಆ ಮೂರನ್ನೂ ಮೂರು ಬೇರೆ ಅಕ್ಷರಗಳೆಂದು ಬರೆದಿಡುತ್ತದೆ. ‘ರೊಟ್ಟಿ’ಯಲ್ಲಿ ಒತ್ತು, ಗುಣಿತ ಸೇರಿ ಆರು ಗುರುತು, ತೆರೆದು ನೋಡಿದರೆ ಹದಿನೆಂಟು ಕಸದ ಚಿಹ್ನೆ ಕಾಣುತ್ತವೆ. ಪ್ರೋಗ್ರಾಮಿಂಗ್ ಬಲ್ಲವರು ಸರಿಪಡಿಸಿ ಕೊಟ್ಟಾರು, ಆದರೆ ಆ ಉಸಾಬರಿ ಯಾಕೆ ಬೇಕು? ಕಡತ ಸಿದ್ಧವಾದ ಮೇಲೆ ಲಿಂಕು ಕೆಲವೇ ದಿನ ಇರುತ್ತದೆ, ಕೂಡಲೇ ಇಳಿಸಿಕೊಳ್ಳಿ. ಗೆಳೆಯರ ಪಟ್ಟಿ ಸಿಗುತ್ತದೆ, ಹೆಸರಷ್ಟೇ; ಫೋನ್ ನಂಬರ್ ಇರುವುದಿಲ್ಲ. ನಿಮ್ಮ ಪೋಸ್ಟಿನ ಕೆಳಗೆ ಗಿರಾಕಿಗಳು ಬರೆದ ಕಾಮೆಂಟೂ ಅದರಲ್ಲಿ ಬರುವುದಿಲ್ಲ.

ವಾಟ್ಸಾಪ್‌ನಲ್ಲಿ ಬ್ಯಾಕಪ್ ಬೇರೆ, ಎಕ್ಸ್‌ಪೋರ್ಟ್ ಬೇರೆ. ಗೂಗಲ್ ಡ್ರೈವ್‌ಗೆ ಹೋಗುವ ಬ್ಯಾಕಪ್ಪನ್ನು ವಾಟ್ಸಾಪೇ ತೆರೆಯಬೇಕು. ವಾಟ್ಸಾಪೇ ಇಲ್ಲವೆಂದರೆ ಅದು ಕೀಲಿಕೈ ಕಳೆದ ತಿಜೋರಿ. ಗ್ರೂಪು ತೆರೆದು, ಮೂರು ಚುಕ್ಕಿ ಒತ್ತಿ, ಎಕ್ಸ್‌ಪೋರ್ಟ್ ಚಾಟ್ ಮಾಡಿದರೆ ಯಾರು ಬೇಕಾದರೂ ಓದಬಹುದಾದ ಪಠ್ಯ ಸಿಗುತ್ತದೆ. ಫೋಟೋ ಬಿಟ್ಟು 40,000, ಫೋಟೋ ಸಮೇತ 10,000 ಸಂದೇಶ ಅದರ ಮಿತಿ. ಅದಕ್ಕೂ ಹಿಂದಿನದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಗದ್ದಲದ ಗ್ರೂಪಾದರೆ ಆರು ತಿಂಗಳಿಗೊಮ್ಮೆ ತೆಗೆದಿಡಿ. ಗ್ರೂಪಿನಲ್ಲಿ ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಹಾಕಿದ್ದರೆ ಎಕ್ಸ್‌ಪೋರ್ಟ್ ನಡೆಯುವುದಿಲ್ಲ. ಮೊದಲು ಅದನ್ನು ತೆಗೆಸಬೇಕು.

ಇನ್ನು ಹೊಸ ಜಾಗ. ರೇಟು ತಿಳಿಸುವುದಕ್ಕಾದರೆ ಟೆಲಿಗ್ರಾಂ ಚಾನೆಲ್ ಅನುಕೂಲ: ತಡವಾಗಿ ಸೇರಿದವರಿಗೂ ಹಿಂದಿನ ವಾರದ ರೇಟು ಕಾಣುತ್ತದೆ, ಸದಸ್ಯರ ಸಂಖ್ಯೆಗೆ ಕಟ್ಟಿಲ್ಲ. ವಾಟ್ಸಾಪ್ ಗ್ರೂಪಿಗೆ 1,024 ಜನ, ಸಿಗ್ನಲ್ ಎಂಬ ಆ್ಯಪ್‌ನ ಗ್ರೂಪಿಗೆ 1,000. ಧಾರವಾಡದ ಸಾಹಿತ್ಯದ ಹರಟೆಗೆ ಮ್ಯಾಸ್ಟೊಡಾನ್ ಎಂಬ ಬರಹ ಹಂಚುವ ತಾಣ ಒಗ್ಗೀತು. ಅದು ಒಬ್ಬರ ಆಸ್ತಿಯಲ್ಲ, ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳ ಜಾಲ. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮನೆ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹ ಬರುವುದಿಲ್ಲ. ಆದರೆ ಹಳೆಯ ಸರ್ವರ್ ಜೀವಂತ ಇರುವಾಗಲೇ ಬದಲಿಸಬೇಕು. ಅದು ಸತ್ತ ಮೇಲೆ ವಿಳಾಸ ತೋರಿಸುವವರೇ ಇರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದದ್ದು ಅಡತಿ ಅಂಗಡಿಯವರ ಕೆಂಪು ರಟ್ಟಿನ ವಹಿ. ಹೆಸರು, ಊರು, ಮೊಬೈಲ್, ಇನ್ನೊಂದು ನಂಬರು ಅಥವಾ ಇಮೇಲ್, ಇಷ್ಟು ನಾಲ್ಕು ಕಲಮು ಸಾಕು. ವಹಿ ಬೇಡ ಎನ್ನುವವರು ಫೋನಿನ ಸಂಪರ್ಕ ಪಟ್ಟಿಯನ್ನು ವಿಸಿಎಫ್ ಕಡತವಾಗಿ ಇಳಿಸಿ ಪೆನ್‌ಡ್ರೈವ್‌ನಲ್ಲಿಡಿ. ಹೊಸ ಜಾಗ ಗೊತ್ತಾದ ಮೇಲೆ ಒಂದು ತಿಂಗಳಾದರೂ ಎರಡೂ ಕಡೆ ರೇಟು ಹಾಕಿ, ಹಳೆಯ ಗ್ರೂಪಿನ ವಿವರಣೆಯಲ್ಲಿ ಹೊಸ ಲಿಂಕು ಬರೆದಿಡಿ. ರೊಟ್ಟಿ ಮಾರುವವರು ಪೊಟ್ಟಣದ ಚೀಟಿ ನೋಡಿಕೊಳ್ಳಿ. ಅದರ ಮೇಲಿನ ಕ್ಯೂಆರ್ ಚೌಕ ಫೇಸ್‌ಬುಕ್ ಪುಟಕ್ಕೆ ಹೋಗುತ್ತಿದ್ದರೆ, ಪುಟ ಹೋದ ದಿನ ಆ ಚೌಕವೂ ಹೋದಂತೆ. ಮುಂದಿನ ಸಲ ಚೀಟಿ ಅಚ್ಚು ಹಾಕಿಸುವಾಗ ಪಕ್ಕದಲ್ಲಿ ಹತ್ತಂಕಿಯ ಫೋನ್ ನಂಬರನ್ನೂ ದಪ್ಪಕ್ಷರದಲ್ಲಿ ಹಾಕಿಸಿ. ನಮಸ್ಕಾರ.